ತವರಿಗೆ ಹೋದ ಬಾಣಂತಿ, 42ನೇ ದಿನದ ಫಾರ್ಮ್

ಗರ್ಭಿಣಿಯರ ಮೇಲೆ ಔಷಧಿಯ ಗುಣ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ನಲ್ಲಿ ಕೆಲಸ ಮಾಡುತ್ತೇನೆ ಅಂದರೆ ಎಲ್ಲರೂ ಔಷಧಿ ಬಗ್ಗೆಯೇ ಕೇಳುತ್ತಾರೆ. ಯಾವ ಗುಳಿಗೆ, ಏನೂ ಅಪಾಯ ಇಲ್ವಾ, ದುಡ್ಡು ಕೊಡ್ತಾರಾ. ನಿಜ ಹೇಳಬೇಕೆಂದರೆ ಗುಳಿಗೆ ಕೊಡೋದು ಸುಲಭ. ಹೆರಿಗೆಯಾದ 42ನೇ ದಿನ ಆ ತಾಯಿ ಎಲ್ಲಿದ್ದಾಳೆ, ಮಗು ಹೇಗಿದೆ ಅಂತ ಕಣ್ಣಾರೆ ನೋಡಿ ಬರೆದುಕೊಂಡು ಬರೋದು ಕಷ್ಟ. ನನ್ನ ನೌಕರಿಯ ಮುಕ್ಕಾಲು ಪಾಲು ಅದೇ.

ನಾನು ನರ್ಸಿಂಗ್ ಓದಿದವಳು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವಳು. ಉಮದಿ, ಸಂಖ, ಮಾಡಗ್ಯಾಳ ಕಡೆ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಹೆಣ್ಣು ಕೊಡೋದು, ತರೋದು ವಿಜಯಪುರ, ಇಂಡಿ, ಚಡಚಣ, ಅಥಣಿ ಕಡೆಗೇ ಜಾಸ್ತಿ. ರಾಜ್ಯದ ಗಡಿ ನಮ್ಮ ಮದುವೆಗಳಿಗೆ ಯಾವತ್ತೂ ಅಡ್ಡ ಬಂದಿಲ್ಲ. ಟ್ರಯಲ್‌ಗೆ ಬರುತ್ತದೆ. ನಾನು ಕೆಲಸ ಮಾಡಿದ ಟ್ರಯಲ್‌ಗಳ ಹೆಸರು ಇಲ್ಲಿ ಹಾಕುತ್ತಿಲ್ಲ. ಭಾಗವಹಿಸಿದವರ ಗುರುತು ಸಿಗಬಾರದು, ಅಷ್ಟೇ ಕಾರಣ.

ತರಬೇತಿ ಶುರುವಾಗೋದು ಜಿಸಿಪಿಯಿಂದ, ಅಂದರೆ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಟ್ರಯಲ್ ಹೇಗೆ ನಡೆಸಬೇಕು ಅನ್ನುವ ನಿಯಮಗಳು. ಅದು ಮುಗಿಯದೆ ನಮಗೆ ಟ್ರಯಲ್‌ನ ಫಾರ್ಮ್ ಮುಟ್ಟಲು ಬಿಡುತ್ತಿರಲಿಲ್ಲ. ಸ್ಲೈಡ್ ನೋಡುತ್ತಾ ಕೂರೋದು ಬೇಸರವೇ, ಸುಳ್ಳು ಯಾಕೆ ಹೇಳಲಿ. ಆದರೂ ಕೆಲವು ಅಭ್ಯಾಸ ಅಲ್ಲಿಂದಲೇ ಕೈಗೆ ಹತ್ತಿದವು. ತಪ್ಪು ಬರೆದರೆ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಸಣ್ಣ ಸಹಿ, ತಾರೀಖು ಹಾಕಬೇಕು. ಹಳೆಯ ಅಂಕಿ ಓದಲು ಬರುವಂತಿರಬೇಕು. ಬಿಪಿ ನೋಡಿದ ಕೂಡಲೇ ಬರೆಯಬೇಕು, ಅಂಗೈ ಮೇಲೆ ಗೀಚಿಕೊಂಡು ಸಂಜೆ ಫಾರ್ಮಿಗೆ ಇಳಿಸೋದು ನಡೆಯೋದಿಲ್ಲ. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ಮೇಲಕ್ಕೆ ತಿಳಿಸಬೇಕು. 2019ರ ಕ್ಲಿನಿಕಲ್ ಟ್ರಯಲ್ ನಿಯಮದಲ್ಲೇ ಅದಿದೆ, ಭಾನುವಾರಕ್ಕೂ ರಿಯಾಯಿತಿ ಇಲ್ಲ. ಹೆರಿಗೆಗೆಂದು ಆಸ್ಪತ್ರೆ ಸೇರೋದು ಬೇರೆ, ಫಿಟ್ಸ್ ಬಂದು ಸೇರೋದು ಬೇರೆ, ಗಂಭೀರ ತೊಂದರೆ ಅಂದರೆ ಎರಡನೆಯದು. ಈ ವ್ಯತ್ಯಾಸ ಹೊಸಬರ ತಲೆಗೆ ಇಳಿಸಲು ಸ್ವಲ್ಪ ಸಮಯ ಬೇಕು.

ನನಗೆ ಇಷ್ಟವಾಗಿದ್ದು ರಕ್ತಸ್ರಾವ ಅಳೆಯುವ ತರಬೇತಿ. ನೀರಿಗೆ ಕೆಂಪು ಬಣ್ಣ ಕಲಸಿ, ಅಳತೆ ಮಾಡಿ, ಹಳೆ ಸೀರೆ, ಬಟ್ಟೆಗಳ ಮೇಲೆ ಸುರಿದು ಇಟ್ಟಿದ್ದರು. ಎಷ್ಟಿದೆ ಅಂತ ಊಹಿಸಿ ಬರೆಯಬೇಕು. ವರ್ಷಗಟ್ಟಲೆ ಹೆರಿಗೆ ಮಾಡಿಸಿದ ಸಿಸ್ಟರ್‌ಗಳೂ ಇದ್ದರು. ಹೆಚ್ಚುಕಡಿಮೆ ಎಲ್ಲರೂ ಕಡಿಮೆಯೇ ಬರೆದರು. ಸೀರೆ ಹೀರಿಕೊಂಡ ರಕ್ತ ಕಣ್ಣಿಗೆ ಕಾಣೋದಿಲ್ಲ. ಆಮೇಲೆ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಚೀಲದ ಡ್ರೇಪ್ ಕೊಟ್ಟರು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸಬೇಕು, ರಕ್ತ ಚೀಲಕ್ಕೆ ಇಳಿಯುತ್ತದೆ, 500 ಮಿಲಿ ಗೆರೆ ದಾಟಿತಾ ಅಂತ ನೋಡಬೇಕು.

ಈ ಡ್ರೇಪ್‌ನ ಕಥೆ ನಮ್ಮ ಪಕ್ಕದ ಜಿಲ್ಲೆಯದ್ದೇ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ, ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಟ್ರಯಲ್ ನಡೆಯಿತು. ಅದಕ್ಕಾಗಿಯೇ ಡ್ರೇಪ್ ಮಾಡಿಸಿದ್ದರು. ಗುಳಿಗೆ ಕೊಟ್ಟವರು ಡಾಕ್ಟರ್‌ಗಳಲ್ಲ, ಹಳ್ಳಿಯ ಹೆರಿಗೆ ನೋಡಿಕೊಳ್ಳುವ ನಮ್ಮಂಥ ಎಎನ್‌ಎಂಗಳು. ಹೆರಿಗೆ ನಂತರದ ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಕಣ್ಣಳತೆಯಲ್ಲೇ ಬರೆದುಕೊಂಡಿದ್ದರೆ ಆ ಅಂಕಿಗಳನ್ನು ಯಾರು ನಂಬುತ್ತಿದ್ದರು?

ಇನ್ನು ತಿಂಗಳ ಲೆಕ್ಕ. ಗರ್ಭಕ್ಕೆ ಎಷ್ಟು ವಾರ ಅಂತ ಗೊತ್ತಿಲ್ಲದೆ ಮಗು ದಿನ ತುಂಬಿ ಹುಟ್ಟಿತೋ ಮೊದಲೇ ಹುಟ್ಟಿತೋ ಹೇಳಲು ಬರೋದಿಲ್ಲ. ಕೊನೆಯ ಮುಟ್ಟಿನ ತಾರೀಖು ಕೇಳಿದರೆ ಬಹಳ ಜನಕ್ಕೆ ನೆನಪಿರೋದಿಲ್ಲ. ತಾರೀಖು ಬಿಟ್ಟು ಹಬ್ಬ ಕೇಳಬೇಕು. ನಾನು ಗೋಡೆ ಕ್ಯಾಲೆಂಡರ್ ಒಯ್ಯುತ್ತೇನೆ. ಕಾರಹುಣ್ಣಿಮೆ, ನಾಗರ ಪಂಚಮಿ, ಶೀಗಿಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಜತ್ತದ ಯಲ್ಲಮ್ಮನ ಜಾತ್ರೆ, ಎಲ್ಲಕ್ಕೂ ಸುತ್ತು ಹಾಕಿ ಇಟ್ಟಿರುತ್ತೇನೆ. “ಚರಗಾ ಚೆಲ್ಲಾಕ ಹೊಲಕ್ಕ ಹೋಗಿದ್ರೇನು, ಹೊರಗ ಕೂತಿದ್ರೇನು?” ಅಂದರೆ ಥಟ್ಟನೆ ಉತ್ತರ ಬರುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಲಾಗಲಿಲ್ಲ ಅಂದರೆ ಅದನ್ನು ಯಾವ ಹೆಣ್ಣುಮಗಳೂ ಮರೆಯೋದಿಲ್ಲ. ಆಮೇಲೆ ಸ್ಕ್ಯಾನಿಂಗ್. 14 ವಾರದೊಳಗೆ ಮಾಡಿಸಿದರೆ ಭ್ರೂಣದ ಉದ್ದದಿಂದ ಸಿಗುವ ಲೆಕ್ಕ ಗಟ್ಟಿ, ತಡವಾದಷ್ಟೂ ಸಡಿಲ. ಟ್ರಯಲ್‌ಗಾಗಿ ಮಾಡಿದರೂ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಫಾರ್ಮ್ ಎಫ್ ತುಂಬಲೇಬೇಕು. ಸ್ಕ್ಯಾನಿಂಗ್ ಅಂದ ಕೂಡಲೇ ಅತ್ತೆಯ ಕಿವಿ ನಿಮಿರುತ್ತದೆ. ಗಂಡೋ ಹೆಣ್ಣೋ ಹೇಳೋದಿಲ್ಲ ಅಂತ ಮೊದಲೇ ಹೇಳಿಬಿಡೋದು ಒಳ್ಳೆಯದು.

ಒಪ್ಪಿಗೆ ಪತ್ರವನ್ನು ನಮ್ಮಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಇಟ್ಟುಕೊಳ್ಳುತ್ತೇವೆ. ಓದಲು ಬರದವರು ಹೆಬ್ಬೆಟ್ಟು ಒತ್ತಿದರೆ ಸಾಕ್ಷಿ ಬೇಕು, ಸಾಕ್ಷಿ ಟ್ರಯಲ್‌ಗೆ ಸಂಬಂಧವಿಲ್ಲದವರಾಗಿರಬೇಕು. ಪಕ್ಕದಲ್ಲೇ ಊರಿನ ಆಶಾ ಕಾರ್ಯಕರ್ತೆ ಕೂತಿರುತ್ತಾಳೆ, ಅವಳ ಸಹಿ ಹಾಕಿಸಿದರೆ ಎಲ್ಲರಿಗೂ ಅನುಕೂಲ. ಆದರೆ ಟ್ರಯಲ್‌ನಿಂದ ಅವಳಿಗೆ ದುಡ್ಡು ಹೋಗುತ್ತಿದ್ದರೆ ಅವಳು ಸಾಕ್ಷಿಯಾಗಬಾರದು. ನಾನು ಅಂಗನವಾಡಿ ಪಕ್ಕದ ಮನೆಯ ಯಾರನ್ನಾದರೂ ಕರೆಯುತ್ತೇನೆ.

ಎಲ್ಲ ಓದಿ ಹೇಳಿದ ಮೇಲೆ “ತಿಳೀತಾ?” ಅಂತ ಕೇಳೋದು ದಂಡ. ಎಲ್ಲರೂ ಹೂಂ ಅನ್ನುತ್ತಾರೆ. “ಮನ್ಯಾಗ ನಿಮ್ಮ ಯಜಮಾನ್ರಿಗೆ ಏನಂತ ಹೇಳ್ತೀರಿ, ನನಗ ಹೇಳ್ರಿ” ಅಂತ ಕೇಳುತ್ತೇನೆ. ಅವಳು ತನ್ನ ಮಾತಲ್ಲಿ ಹೇಳುವಾಗ ಎಲ್ಲಿ ತೊಡಕಿದೆ ಗೊತ್ತಾಗುತ್ತದೆ. ತೊಡಕು ಯಾವಾಗಲೂ ಪ್ಲಸೀಬೋ, ಅಂದರೆ ಔಷಧಿಯಿಲ್ಲದ ಗುಳಿಗೆಯ ಹತ್ತಿರವೇ. ಒಬ್ಬಾಕೆ ನೇರವಾಗಿ ಕೇಳಿದಳು: “ಬಾಯಾರ, ಏನೂ ಇರದ ಗುಳಿಗಿ ನಾ ಯಾಕ ನುಂಗಬೇಕ್ರಿ?” ಒಳ್ಳೆಯ ಪ್ರಶ್ನೆ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ಇನ್ನೂ ಗೊತ್ತಿಲ್ಲ, ನಿಮ್ಮ ಪಾಲಿಗೆ ಯಾವುದು ಬಂದಿದೆ ಅಂತ ನನಗೂ ಗೊತ್ತಿರೋದಿಲ್ಲ, ಬೇಡ ಅಂದರೂ ನಿಮ್ಮ ಚೆಕಪ್‌ಗೆ ಏನೂ ತೊಂದರೆಯಿಲ್ಲ ಅಂದೆ. ಎರಡು ದಿನ ಯೋಚಿಸಿ ಬೇಡ ಅಂದಳು. ಬೇಡ ಅನ್ನುವವರೂ ಇದ್ದಾರೆ ಅಂದರೆ ನಾವು ಕೇಳುವ ರೀತಿ ಸರಿಯಿದೆ ಅಂತ ನನ್ನ ಲೆಕ್ಕ.

ಈಗ ತವರಿನ ವಿಷಯ. 2020ರಲ್ಲಿ ಆಸ್ಪಿರಿನ್ ಟ್ರಯಲ್‌ನ ಫಲಿತಾಂಶ ಬಂತು. ಭಾರತ ಸೇರಿ ಆರು ದೇಶ, ಸುಮಾರು 12 ಸಾವಿರ ಗರ್ಭಿಣಿಯರು, ದಿನಕ್ಕೆ 81 ಮಿಲಿಗ್ರಾಂ. ನಮ್ಮ ಪಕ್ಕದ ಬೆಳಗಾವಿ, ನಮ್ಮದೇ ರಾಜ್ಯದ ನಾಗಪುರ ಎರಡೂ ಅದರಲ್ಲಿದ್ದವು. ಅವಧಿಗೆ ಮುಂಚಿನ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ತೆಗೆದುಕೊಂಡಿದ್ದು ಚೊಚ್ಚಲು ಬಸುರಿಯರನ್ನು ಮಾತ್ರ. ಅದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ಅಲ್ಲಿನ ಫೀಲ್ಡ್ ಹುಡುಗಿಯರ ಪಾಡು. ಚೊಚ್ಚಲು ಹೆರಿಗೆ ಅಂದರೆ ತವರು, ಅಲ್ವಾ? ಕುಪ್ಪಸ, ಅಂದರೆ ಸೀಮಂತ ಆಯಿತು, ಅಪ್ಪನೋ ಅಣ್ಣನೋ ಬಂದು ಕರೆದುಕೊಂಡು ಹೋದರು. ಮತ್ತೆ ಬರೋದು ಮೂರು ತಿಂಗಳಿಗೋ ಐದು ತಿಂಗಳಿಗೋ, ಮಗುವಿನ ತೊಟ್ಟಿಲು ಸಮೇತ. ಹೆರಿಗೆ, ಮಗುವಿನ 28ನೇ ದಿನ, ತಾಯಿಯ 42ನೇ ದಿನ, ನಮಗೆ ಬೇಕಾದ್ದೆಲ್ಲ ಗಡಿಯಾಚೆ. ಇಲ್ಲಿ ಮಾತಾ-ಬಾಲ ಸಂರಕ್ಷಣಾ ಕಾರ್ಡ್, ಅಲ್ಲಿ ತಾಯಿ ಕಾರ್ಡ್. ಇಲ್ಲಿನ ಆಶಾಗೆ ಅಲ್ಲಿನ ಆಶಾ ಗೊತ್ತಿಲ್ಲ.

ಅದಕ್ಕೆ ನಾನು ಒಂದು ತವರಿನ ಹಾಳೆ ಮಾಡಿಕೊಂಡೆ. ಟ್ರಯಲ್ ಮೇಲೆ ಕಣ್ಣಿಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕ ಮೇಲೆ ನೋಂದಣಿಯ ದಿನವೇ ತುಂಬಲು ಶುರು ಮಾಡಿದೆ. ಊರು, ಓಣಿ, ಹತ್ತಿರದ ಗುಡಿ ಅಥವಾ ಅಂಗಡಿ. ಅಪ್ಪನ ಫೋನ್‌ಗಿಂತ ತಮ್ಮನ ಫೋನ್ ಮೇಲು, ಹುಡುಗರು ಸಿಮ್ ಬದಲಿಸಿದರೂ ವಾಟ್ಸಾಪ್ ಬಿಡೋದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ತವರಿನ ಹೆಸರು. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಗಂಡನ ಮನೆಯಲ್ಲಿ ಐಶ್ವರ್ಯಾ, ತವರಲ್ಲಿ ಶಿವಲೀಲಾ. ಇಂಡಿ ತಾಲೂಕಿನ ಹಳ್ಳಿಯಲ್ಲಿ ಐಶ್ವರ್ಯಾ ಅಂತ ಎಷ್ಟು ಮನೆಯ ಮುಂದೆ ಕೇಳಿದರೂ ಯಾರಿಗೂ ಗೊತ್ತಿರೋದಿಲ್ಲ. ಹಾಳೆಯ ಕೊನೆಯಲ್ಲಿ ಯಾರಿಗೆ ಫೋನ್ ಮಾಡಬಹುದು, ಯಾರಿಗೆ ಮಾಡಬಾರದು ಅಂತ ಅವಳ ಕೈಯಲ್ಲೇ ಬರೆಸುತ್ತೇನೆ. ಅವಳು ಟ್ರಯಲ್‌ನಲ್ಲಿದ್ದಾಳೆ ಅನ್ನೋದು ಅವಳ ಗುಟ್ಟು, ನಾನು ಊರಿಗೆಲ್ಲ ಸಾರುವಂತಿಲ್ಲ.

ಕಬ್ಬು ಕಡಿಯಲು ಹೋಗುವವರದ್ದು ಇನ್ನೊಂದು ತರಹ. ಜತ್ತ ಬರದ ತಾಲೂಕು. ದೀಪಾವಳಿ ಹೊತ್ತಿಗೆ ಗಂಡ-ಹೆಂಡತಿ ಜೋಡಿಯಾಗಿ ಹೊರಟರೆ ಬೇಸಿಗೆಗೇ ವಾಪಸ್. ಯಾವ ಕಾರ್ಖಾನೆ, ಯಾವ ಗದ್ದೆ ಅಂತ ಗೊತ್ತಿರೋದು ಕೂಲಿಯವರನ್ನು ಕರೆದೊಯ್ಯುವ ಮುಕಾದಮನಿಗೆ ಮಾತ್ರ. ಅವನ ನಂಬರ್ ಇಟ್ಟುಕೊಳ್ಳಬೇಕು, ಆದರೆ ಅವನಿಗೆ ವಿಷಯ ಹೇಳಬಾರದು. “ಅವರ ದವಾಖಾನಿ ಕಾಗದದ ಕೆಲಸ ಐತಿ, ಎಲ್ಲಿ ಅದಾರ ಹೇಳ್ರಿ” ಅನ್ನುತ್ತೇನೆ. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ನನಗೆ ಅದು ಅಷ್ಟೇನೂ ಇಷ್ಟವಿಲ್ಲ, ಬೇರೆ ದಾರಿ ಸಿಕ್ಕಿಲ್ಲ.

ಬಾಣಂತಿ ಕೋಣೆಗೆ ಹೋಗಲು ದಿನ ನೋಡಬೇಕು. ಅಮಾವಾಸ್ಯೆ ಬೇಡ. ಟ್ರಯಲ್‌ನ ನಿಯಮಪುಸ್ತಕವಾದ ಪ್ರೊಟೊಕಾಲ್‌ನಲ್ಲಿ 42ನೇ ದಿನದ ಹಿಂದೆ ಮುಂದೆ ಕೆಲವು ದಿನ ಅವಕಾಶ ಇರುತ್ತದೆ, ಅದರಲ್ಲೇ ಹೊಂದಿಸುತ್ತೇನೆ. ಒಳಗೆ ಅಗ್ಗಿಷ್ಟಿಕೆ, ಲೋಬಾನದ ಹೊಗೆ, ಕತ್ತಲು. ಮಗುವನ್ನು ತೂಗುತ್ತೇನೆ ಅಂದರೆ ಅಜ್ಜಿ ತಡೆಯುತ್ತಾಳೆ, ದೃಷ್ಟಿಯಾಗುತ್ತದಂತೆ. ನಾನು ವಾದ ಮಾಡೋದಿಲ್ಲ. ಅಜ್ಜಿಯ ಕೈಯಿಂದಲೇ ಹಳೆ ಸೀರೆ ತುಂಡು ಹಾಸಿಸುತ್ತೇನೆ, ತಕ್ಕಡಿ ಸೊನ್ನೆ ಮಾಡುತ್ತೇನೆ, ಅಜ್ಜಿಯೇ ಮಗುವನ್ನು ಮಲಗಿಸುತ್ತಾಳೆ. ಅಂಕಿ ಜೋರಾಗಿ ಹೇಳೋದಿಲ್ಲ, ಸುಮ್ನೆ ಬರೆದುಕೊಳ್ಳುತ್ತೇನೆ. ಕೆನ್ನೆಗೆ ಕಾಡಿಗೆ ಬೊಟ್ಟು ಮೊದಲೇ ಇರುತ್ತದೆ. ತಕ್ಕಡಿಯನ್ನು ಬೆಳಿಗ್ಗೆ ಹೊರಡುವ ಮುಂಚೆ ತೂಕ ಗೊತ್ತಿರುವ ಕಲ್ಲಿಟ್ಟು ಪರೀಕ್ಷಿಸಿರುತ್ತೇನೆ.

ತೊಂದರೆ ಬರೋದು ಆಸ್ಪತ್ರೆ ಕಾಗದಕ್ಕೆ. ಗಡಿಯಾಚೆಯ ಒಂದು ಖಾಸಗಿ ಆಸ್ಪತ್ರೆ ಡಿಸ್ಚಾರ್ಜ್ ಕಾಗದದ ನಕಲು ಕೊಡಲು ಅಲೆದಾಡಿಸಿತು. ಅವರ ದೃಷ್ಟಿಯಿಂದ ನೋಡಿದರೆ ಸರಿಯೇ, ನಾನು ಯಾರೋ. ಈಗ ತವರಿಗೆ ಹೊರಡುವ ಮುಂಚೆಯೇ ಅವಳಿಗೆ ಒಂದು ಪ್ಲಾಸ್ಟಿಕ್ ಫೈಲ್ ಕೊಡುತ್ತೇನೆ. ಡಿಸ್ಚಾರ್ಜ್ ಆಗುವಾಗ ಸಿಕ್ಕಿದ್ದೆಲ್ಲ ಇದರಲ್ಲಿ ಹಾಕಿಡಿ, ಬಿಲ್ ಸಹ ಬಿಸಾಡಬೇಡಿ ಅಂತ ಹೇಳುತ್ತೇನೆ. ಈಗ ಅಷ್ಟು ತಿರುಗಾಟವಿಲ್ಲ.

ಇಷ್ಟೆಲ್ಲ ಯಾಕೆ, ಸಿಕ್ಕಿದವರ ಲೆಕ್ಕ ಹಿಡಿದರೆ ಸಾಲದಾ ಅಂತ ಹೊಸಬರು ಕೇಳುತ್ತಾರೆ. ಅವರಿಗೆ ನಾನು 2015ರಲ್ಲಿ ಪ್ರಕಟವಾದ ಆಕ್ಟ್ ಟ್ರಯಲ್ ಕಥೆ ಹೇಳುತ್ತೇನೆ. ಅವಧಿಗೆ ಮುಂಚೆ ಹೆರಿಗೆಯಾಗುವಂತಿದ್ದರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯುತ್ತದೆ. 1972ರಿಂದಲೇ ಗೊತ್ತಿದ್ದ ವಿಷಯ. ಅದನ್ನು ಆರು ದೇಶಗಳ ಹಳ್ಳಿ ಮಟ್ಟಕ್ಕೆ ಒಯ್ದು ನೋಡಿದರು, ಭಾರತವೂ ಇತ್ತು. ತೀರಾ ಸಣ್ಣ ಶಿಶುಗಳ ಸಾವು ಕಡಿಮೆಯಾಗಲಿಲ್ಲ. ಒಟ್ಟು ಶಿಶುಗಳನ್ನು ನೋಡಿದರೆ ಸಾವು ಸಾವಿರಕ್ಕೆ 3.5ರಷ್ಟು ಜಾಸ್ತಿಯೇ ಆಗಿತ್ತು. ಆ ಊರುಗಳ ಎಲ್ಲ ಹೆರಿಗೆಗಳನ್ನೂ ಬರೆದಿಟ್ಟಿದ್ದರಿಂದ ಇದು ಬೆಳಕಿಗೆ ಬಂತು. ಸಣ್ಣ ಮಕ್ಕಳನ್ನಷ್ಟೇ ಹಿಂಬಾಲಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಸ್ಕ್ಯಾನಿಂಗ್‌ನಿಂದ ವಾರ ಗಟ್ಟಿ ಮಾಡಿಕೊಂಡು, ಸೌಲಭ್ಯ ಇರುವ ಆಸ್ಪತ್ರೆಗಳಲ್ಲೇ ಮತ್ತೆ ಟ್ರಯಲ್ ಮಾಡಿತು. 2020ರಲ್ಲಿ ಬಂದ ಆ ಫಲಿತಾಂಶದಲ್ಲಿ ಅದೇ ಇಂಜೆಕ್ಷನ್ ಮಕ್ಕಳ ಜೀವ ಉಳಿಸಿತ್ತು.

ಕಳೆದುಹೋಗುವವರು ಸುಮ್ಮನೆ ಕಳೆದುಹೋಗೋದಿಲ್ಲ. ಮಗು ತೀರಿಕೊಂಡ ಮನೆ ಫೋನ್ ಎತ್ತೋದಿಲ್ಲ. ಹಾಗಾಗಿ ಫೋನ್ ಎತ್ತದ ಮನೆಗೇ ನಾನು ಮೊದಲು ಹೋಗೋದು. ಅಂಥ ಮನೆಗೆ ಹೋದಾಗ ಬ್ಯಾಗಿನಿಂದ ಫಾರ್ಮ್ ತೆಗೆಯೋದಿಲ್ಲ. ಕೂತು, ನೀರು ಕುಡಿದು, ತಾಯಿಯ ಬಿಪಿ, ಜ್ವರ, ಎದೆ ಬಾವು ನೋಡಿ, ಬೇಕಾದರೆ ದವಾಖಾನೆಗೆ ಕಳಿಸುವ ವ್ಯವಸ್ಥೆ ಮಾಡಿ, ಕೊನೆಗೆ ಬರೆಯಬಹುದಾ ಅಂತ ಅವಳನ್ನೇ ಕೇಳುತ್ತೇನೆ.

ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಫಾರ್ಮಿನಲ್ಲಿ ಇದಕ್ಕೆ ಎರಡು ಬೇರೆ ಖಾನೆ ಇವೆ: “ಸಂಪರ್ಕ ಸಿಗಲಿಲ್ಲ”, “ತಾನಾಗಿ ಹಿಂದೆ ಸರಿದಿದ್ದಾಳೆ”. ಹೊಸಬರು ಎರಡನ್ನೂ ಒಂದೇ ಅಂದುಕೊಂಡು ಮೊದಲಿನದಕ್ಕೆ ಟಿಕ್ ಹಾಕುತ್ತಾರೆ. ಹಾಗೆ ಮಾಡಿದರೆ ಮುಂದಿನ ತಿಂಗಳು ಇನ್ನೊಬ್ಬರು ಅದೇ ಮನೆಯ ಬಾಗಿಲು ಬಡಿಯುತ್ತಾರೆ. ಎರಡನೆಯ ಖಾನೆಗೆ ಟಿಕ್ ಹಾಕಿ, ತಾರೀಖು ಬರೆದು, ತವರಿನ ಹಾಳೆಯಲ್ಲಿರುವ ಫೋನ್ ನಂಬರ್‌ಗಳಿಗೆ ಅಡ್ಡಗೆರೆ ಎಳೆಯಬೇಕು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ.