ಕೆಸರಿನಿಂದ ಬಂದ ಮೇಲೆ ಸ್ಟೀರಿಂಗ್ ನಡುಗುತ್ತಿದ್ದರೆ

ಆಫ್‌ರೋಡ್ ಮುಗಿಸಿ ಗಾಡಿ ತೊಳೆದಾಗಿತ್ತು. ಆದರೂ ಟಾರು ರಸ್ತೆಯಲ್ಲಿ ವೇಗ ಗಂಟೆಗೆ 70 ಕಿ.ಮೀ. ದಾಟಿದರೆ ಸ್ಟೀರಿಂಗ್ ಗಡಗಡ. ಟೈರಿನ ಗಾಳಿ ಸರಿಮಾಡಿದೆ, ಅಲೈನ್‌ಮೆಂಟ್ ಮಾಡಿಸಿದೆ, ಹೊರಗಿನಿಂದಲೇ ಇನ್ನೊಮ್ಮೆ ಪ್ರೆಶರ್ ವಾಷರ್ ಹೊಡೆದೆ. ಏನೂ ಬದಲಾಗಲಿಲ್ಲ.

ತೊಂದರೆ ಇದ್ದದ್ದು ರಿಮ್ಮಿನ ಒಳಮೈಯಲ್ಲಿ: ಒಂದೇ ಕಡೆ ಒಣಗಿ ಇಟ್ಟಿಗೆಯಂತಾದ ಕೆಸರು. ಚಕ್ರದ ಬ್ಯಾಲೆನ್ಸ್ ಕೆಡಲು ಒಂದು ಹಿಡಿ ಸಾಕು.

ಸಮನೆಲದಲ್ಲಿ ನಟ್ ಸಡಿಲಿಸಿ, ಜ್ಯಾಕ್ ಏರಿಸಿ, ಗಾಡಿಯಡಿ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ನೀರು ಹಾಯಿಸಿ 20 ನಿಮಿಷ ನೆನೆಯಲು ಬಿಡಿ, ಆಮೇಲೆ ಮರದ ಚಕ್ಕೆಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡವೇ ಬೇಡ. ಒಳಗೆ ಅಂಟಿಸಿದ ಬ್ಯಾಲೆನ್ಸ್ ತೂಕ (ಸಣ್ಣ ಲೋಹದ ತುಂಡು) ಕಿತ್ತು ಬಂದರೆ ಮತ್ತೆ ಅದೇ ನಡುಕ. ಬ್ರೇಕ್ ಡಿಸ್ಕಿನ ಹಿಂದಿರುವ ತಗಡಿನ ಸಂದಿಗೂ ನೀರು ಬಿಡಿ, ಅಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲು ಕಿರ್ರೆನ್ನುತ್ತದೆ. ಹಬ್ಬಿನ (ಚಕ್ರ ಕೂರುವ ನಡುಭಾಗದ) ಮುಖ ಒರೆಸಿ ಚಕ್ರ ಕೂರಿಸಿ. ನಟ್‌ಗಳನ್ನು ಎದುರುಬದುರಾಗಿ, ಗಾಡಿಯ ಕೈಪಿಡಿಯಲ್ಲಿರುವ ಟಾರ್ಕಿಗೆ (ತಿರುಗಿಸುವ ಬಲದ ಅಳತೆಗೆ) ಬಿಗಿಯಿರಿ, 80 ಕಿ.ಮೀ. ಓಡಿದ ಮೇಲೆ ಬಿಗಿ ಇನ್ನೊಮ್ಮೆ ನೋಡಿ.