ಆರನೇ ನಂಬರಿನಿಂದ ಟಚ್‌ಲೈನಿಗೆ: ನನ್ನ ಅನುಭವ

ಫುಟ್‌ಬಾಲ್‌ನಲ್ಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್ ಆಗಿ, ಅಂದರೆ ಡಿಫೆಂಡರ್‌ಗಳ ಮುಂದೆ ಕಾವಲಿಗೆ ನಿಲ್ಲುವ ‘ಆರನೇ ನಂಬರಿನವನಾಗಿ’, ಆಡಿದವನಿಗೆ ಮ್ಯಾನೇಜರ್ (ಮುಖ್ಯ ಕೋಚ್) ಕೆಲಸ ಸಲೀಸು ಎನ್ನುತ್ತಾರೆ. ಗಾರ್ಡಿಯೊಲಾ, ದೆಶಾಂ, ಸಿಮಿಯೋನೆ, ಶಾಬಿ ಅಲೋನ್ಸೊ ಎಂದು ಹಾಗೆ ಆಡಿ ಮ್ಯಾನೇಜರ್ ಆದವರ ಹೆಸರುಗಳೇನೋ ಸಾಲುಸಾಲಾಗಿ ಸಿಗುತ್ತವೆ. ಆದರೆ ಮೈದಾನದ ನಡುವೆ ನಿಂತು ಕಲಿತದ್ದರಲ್ಲಿ ಹೆಚ್ಚಿನದು ಕಾಲಿಗೂ ಕುತ್ತಿಗೆಗೂ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. ಕೋಚ್ ಆಗಿ ಬೆಂಚಿಗೆ ಬಂದ ಮೇಲೆ ನಾನು ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೇ: ಮೈಗೆ ಗೊತ್ತಿದ್ದನ್ನು ಮೀಟರಿಗೆ, ಮಾತಿಗೆ, ಅಭ್ಯಾಸಕ್ಕೆ ಇಳಿಸುವುದು.

ಹಿಂದೆ ತಿರುಗಿ ನೋಡುವುದನ್ನೇ ತೆಗೆದುಕೊಳ್ಳಿ. ಚೆಂಡು ತನ್ನ ಕಡೆ ಹೊರಡುವ ಮುನ್ನ ಒಂದು ಸಲ, ಬರುತ್ತಿರುವಾಗ ಇನ್ನೊಂದು ಸಲ ಹೆಗಲಾಚೆ ಕಣ್ಣು ಹಾಯಿಸುವುದು ಆರನೇ ನಂಬರಿನವನಿಗೆ ಉಸಿರಾಡಿದಷ್ಟೇ ಸಹಜ. ಹುಡುಗರಿಗೆ ಬರೀ ‘ಹಿಂದೆ ನೋಡು’ ಎಂದರೆ ಕತ್ತು ತಿರುಗಿಸುತ್ತಾರೆ, ಕಾಣುವುದೇನೂ ಇಲ್ಲ. ಏನನ್ನು ನೋಡಬೇಕೆಂದು ಹೇಳಬೇಕು. ಹತ್ತಿರದ ಎದುರಾಳಿ ಎಡ ಹೆಗಲ ಕಡೆ ಇದ್ದಾನೋ ಬಲ ಹೆಗಲ ಕಡೆಯೋ, ಮುಂದಿನ ಪಾಸಿಗೆ ಯಾರು ಖಾಲಿ ಇದ್ದಾರೆ: ಎರಡೇ ಪ್ರಶ್ನೆ. ಆಟಗಾರನ ಬೆನ್ನ ಹಿಂದೆ ಬಣ್ಣದ ಬಿಬ್ (ಅಭ್ಯಾಸದಲ್ಲಿ ತೊಡುವ ತೋಳಿಲ್ಲದ ಮೇಲಂಗಿ) ಎತ್ತಿ ಹಿಡಿದು, ಮೊದಲ ಟಚ್‌ಗೆ ಮುಂಚೆ ಬಣ್ಣ ಕೂಗಿಸುವ ಅಭ್ಯಾಸ ಎಲ್ಲರಿಗೂ ಗೊತ್ತು. ಅದನ್ನು ನಾನು ದಿನಕ್ಕೆ 10 ನಿಮಿಷದಂತೆ ಎರಡು ವಾರಕ್ಕಿಂತ ಹೆಚ್ಚು ಮಾಡಿಸುವುದಿಲ್ಲ. ಆಮೇಲೆ ಅವರು ಎದುರಾಳಿಯನ್ನು ಬಿಟ್ಟು ಕೋಚ್‌ನ ಕೈಯನ್ನು ಹುಡುಕಲು ಶುರುಮಾಡುತ್ತಾರೆ. ಮೂರನೇ ವಾರದಿಂದ ಬಿಬ್ ಇದ್ದ ಜಾಗದಲ್ಲಿ ನಿಜವಾದ ಎದುರಾಳಿ. ಅವನು ಮೈಮೇಲೆ ಬಂದರೆ ಒಂದೇ ಟಚ್‌ನಲ್ಲಿ ವಾಪಸ್, ಬರದಿದ್ದರೆ ತಿರುಗಿ ಮುಂದಕ್ಕೆ.

ಟಚ್‌ಲೈನಿಗೆ, ಅಂದರೆ ಕೋಚ್ ನಿಲ್ಲುವ ಮೈದಾನದ ಬದಿಯ ಗೆರೆಗೆ, ಬಂದವನ ಮೊದಲ ನಷ್ಟ ಈ ನೋಟವೇ. ನಡುವಿನಲ್ಲಿ ಆಡುವಾಗ ಆಟ ಸುತ್ತಲೂ ಇರುತ್ತದೆ. ಬದಿಯಲ್ಲಿ ನಿಂತಾಗ ಚಪ್ಪಟೆ. ಆಚೆ ಬದಿಯ ಫುಲ್‌ಬ್ಯಾಕ್‌ಗೂ (ಅಂಚಿನ ಡಿಫೆಂಡರ್) ಸೆಂಟರ್ ಬ್ಯಾಕ್‌ಗೂ (ಮಧ್ಯದ ಡಿಫೆಂಡರ್) ನಡುವಿನ ಅಂತರ 8 ಮೀಟರೋ 15 ಮೀಟರೋ ತಿಳಿಯುವುದಿಲ್ಲ. ಆದ್ದರಿಂದ ಒಬ್ಬ ಸಹಾಯಕನನ್ನು ಸ್ಟ್ಯಾಂಡ್‌ನಲ್ಲಿ ಮೇಲೆ ಕೂರಿಸುತ್ತೇನೆ. ತಂತ್ರದ ಮಾಹಿತಿಗಾಗಿ ಕೈಯಲ್ಲಿ ಹಿಡಿಯುವ ಸಣ್ಣ ಸಾಧನಗಳನ್ನು ಬಳಸಲು 2018ರಿಂದ ಆಟದ ನಿಯಮವೇ ಅವಕಾಶ ಕೊಟ್ಟಿದೆ. ಪಂದ್ಯ ಸೆರೆಹಿಡಿಯುವ ನಮ್ಮ ಕ್ಯಾಮೆರಾ ಹಾಫ್‌ವೇ ಲೈನ್‌ಗೆ (ಮೈದಾನದ ನಡುಗೆರೆಗೆ) ನೇರವಾಗಿ, ಎಷ್ಟು ಎತ್ತರ ಸಿಕ್ಕರೆ ಅಷ್ಟು ಮೇಲೆ. ಅದು ಚೆಂಡಿನ ಬೆನ್ನು ಹತ್ತಬಾರದು. ಗೋಲಿಗಳಿಬ್ಬರನ್ನು (ಗೋಲ್‌ಕೀಪರ್‌ಗಳನ್ನು) ಬಿಟ್ಟು ಉಳಿದ 20 ಮಂದಿ ಸದಾ ಚೌಕಟ್ಟಿನಲ್ಲಿರಬೇಕು. ಟಿವಿಯವರು ತೋರಿಸುವ ಕೋನದಲ್ಲಿ ಡಿಫೆನ್ಸ್ ಲೈನ್ ಅರ್ಧವೂ ಕಾಣುವುದಿಲ್ಲ.

ಇನ್ನು ಅಳತೆ. 105×68 ಮೀಟರಿನ ಮೈದಾನದಲ್ಲಿ ಚೆಂಡು ನಮ್ಮ ಬಳಿ ಇಲ್ಲದಾಗ, ಹಿಂದಿನ ಸಾಲಿನಿಂದ ಸ್ಟ್ರೈಕರ್‌ವರೆಗೆ 25ರಿಂದ 30 ಮೀಟರ್ ಉದ್ದ, 35ರಿಂದ 40 ಮೀಟರ್ ಅಗಲ ನನ್ನ ಗುರಿ. ಆರನೇ ನಂಬರಿನವನು ಸೆಂಟರ್ ಬ್ಯಾಕ್‌ಗಳ ಮುಂದೆ 10–12 ಮೀಟರ್. 18 ಆದರೆ ಎದುರಾಳಿಯ ಹತ್ತನೇ ನಂಬರಿನವನು (ದಾಳಿ ಹೆಣೆಯುವ ಮಿಡ್‌ಫೀಲ್ಡರ್) ಅಲ್ಲಿ ಚಾಪೆ ಹಾಸಿ ಕೂರುತ್ತಾನೆ. 5 ಆದರೆ ಸೆಕೆಂಡ್ ಬಾಲ್ (ಪೈಪೋಟಿಯಲ್ಲಿ ಪುಟಿದು ಬಿಡಿಯಾಗಿ ಬೀಳುವ ಚೆಂಡು) ಅಷ್ಟೂ ಅವರ ಪಾಲು. ಆಡುವಾಗ ಇದನ್ನು ಯಾರೂ ಅಳೆಯುವುದಿಲ್ಲ, ಗಾಳಿಯಲ್ಲೇ ತಿಳಿಯುತ್ತದೆ. ಕಲಿಸುವಾಗ ಮಾತ್ರ ನೆಲದ ಮೇಲೆ ಕೋನ್ ಇಡಲೇಬೇಕು.

ಎಲ್ಲಕ್ಕಿಂತ ಹೆಚ್ಚು ಕೆಲಸ ಬೇಡುವುದು, ನಾವು ದಾಳಿ ಮಾಡುತ್ತಿರುವಾಗ ಹಿಂದೆ ಉಳಿದವರು ಎಲ್ಲಿ ನಿಲ್ಲಬೇಕೆಂಬುದು. ಇದು ಆರನೇ ನಂಬರಿನವನ ನಿಜವಾದ ಕಸುಬು, ನೋಡುವವರ ಕಣ್ಣಿಗೆ ಬೀಳದ ಕಸುಬು. ನಾನು ಮೂವರನ್ನು ಹಿಂದೆ, ಇಬ್ಬರನ್ನು ಅವರ ಮುಂದೆ ನಿಲ್ಲಿಸುತ್ತೇನೆ. ಎದುರಾಳಿ ತಂಡ ದಾಳಿಗೆಂದು ಮುಂದೆ ಒಬ್ಬನನ್ನೇ ಬಿಟ್ಟಿದ್ದರೆ ಹಿಂದೆ ಇಬ್ಬರು ಸಾಕು, ಮೂರನೆಯವನೂ ದಾಳಿಗೆ ಹೋಗಬಹುದು. ಅಭ್ಯಾಸ ಹೀಗೆ: ಅರ್ಧ ಮೈದಾನಕ್ಕಿಂತ ಸ್ವಲ್ಪ ಹೆಚ್ಚು ಜಾಗ, 7 ಜನರ ದಾಳಿಗೆ 6 ಜನ ಮತ್ತು ಗೋಲಿಯ ತಡೆ. ತಡೆಯುವವರು ಚೆಂಡು ಕಸಿದುಕೊಂಡರೆ ಎದುರು ತುದಿಯ ಎರಡು ಸಣ್ಣ ಗೋಲುಗಳಲ್ಲಿ ಒಂದಕ್ಕೆ 8 ಸೆಕೆಂಡಿನೊಳಗೆ ಹೊಡೆಯಬೇಕು. ಒಂದು ಸುತ್ತಿಗೆ 4 ನಿಮಿಷ, ನಡುವೆ 2 ನಿಮಿಷ ಬಿಡುವು, ಒಟ್ಟು 4 ಸುತ್ತು. ಇದು ಕೆಡುವುದು ಎರಡು ರೀತಿ. ಸಣ್ಣ ಗೋಲು ತೀರಾ ಹತ್ತಿರವಿದ್ದರೆ ಕಸಿದವನು ದೂರದಿಂದಲೇ ಒದ್ದು ಮುಗಿಸುತ್ತಾನೆ, ಓಟವೇ ಇಲ್ಲ. 40 ಮೀಟರ್‌ಗಿಂತ ಕಡಿಮೆ ಇಡಬೇಡಿ. ಎರಡನೆಯದು ಕೋಚ್‌ನದೇ ತಪ್ಪು: ಪ್ರತಿ ಎಡವಟ್ಟಿಗೂ ಸೀಟಿ ಊದುವುದು. ನಾನು ಒಂದು ಸುತ್ತಿನಲ್ಲಿ ಎರಡು ಸಲಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ. ಮಿಕ್ಕಿದ್ದನ್ನು ಬಿಡುವಿನಲ್ಲಿ, ಅದೂ ಆ ಆಟಗಾರನೊಬ್ಬನಿಗೇ.

ಹಿಂದಿನಿಂದ ಆಟ ಕಟ್ಟುವುದು ಈಗ ಬೇರೆಯೇ ಆಗಿದೆ. 2019ರ ನಿಯಮದಂತೆ ಗೋಲ್ ಕಿಕ್‌ನ (ಗೋಲಿನ ಮುಂದಿನಿಂದ ಆಟ ಮತ್ತೆ ಶುರುಮಾಡುವ ಒದೆತದ) ಚೆಂಡು ಪೆನಾಲ್ಟಿ ಏರಿಯಾ (ಗೋಲಿನ ಮುಂದಿನ ದೊಡ್ಡ ಚೌಕ) ದಾಟಬೇಕಾಗಿಲ್ಲ, ಒದ್ದು ಅಲುಗಿದ ಕೂಡಲೇ ಆಟದಲ್ಲಿರುತ್ತದೆ. ಅದಕ್ಕೂ ಮುಂಚೆ ಆಡಿದ ಮಿಡ್‌ಫೀಲ್ಡರ್‌ಗೆ ತನ್ನದೇ ಪೆನಾಲ್ಟಿ ಏರಿಯಾ ಅಂಚಿನಲ್ಲಿ, ಎದುರಾಳಿಯ ಗೋಲ್‌ಪೋಸ್ಟಿಗೆ ಬೆನ್ನು ಹಾಕಿ ಚೆಂಡು ತೆಗೆದುಕೊಳ್ಳುವುದೆಂದರೆ ಪಾಪ ಮಾಡಿದಂತೆ. ಹಳೆಯ ಭಯವನ್ನು ಹುಡುಗರಿಗೆ ದಾಟಿಸಬಾರದು, ಹಾಗೆಂದು ಕುರುಡು ಧೈರ್ಯವನ್ನೂ ಕೊಡಬಾರದು. ನನ್ನ ಶರತ್ತು ಒಂದೇ: ಗೋಲಿಯಿಂದ ಆರನೇ ನಂಬರಿಗೆ ಪಾಸ್ ಹೋಗುವ ಮುನ್ನವೇ ಅವನ ಒಂದು ಟಚ್‌ಗೆ ಸಿಗುವಂತೆ ಸೆಂಟರ್ ಬ್ಯಾಕ್ ಜಾಗ ಹಿಡಿದಿರಬೇಕು. ಆ ಮೂರನೆಯವನು ಸಿದ್ಧನಿಲ್ಲದಿದ್ದರೆ ಉದ್ದಕ್ಕೆ ಒದೆಯುವುದರಲ್ಲಿ ನಾಚಿಕೆಯೇನಿಲ್ಲ.

ವಾರದ ಲೆಕ್ಕ ಸರಳ. ಶನಿವಾರದಿಂದ ಶನಿವಾರಕ್ಕೆ ಪಂದ್ಯವಿದ್ದರೆ ಭಾನುವಾರ ಆಡಿದವರಿಗೆ ಚೇತರಿಕೆ, ಆಡದವರಿಗೆ ಪೂರ್ತಿ ತಾಲೀಮು, ಸೋಮವಾರ ರಜೆ, ಮಂಗಳವಾರ ಸಣ್ಣ ಜಾಗದಲ್ಲಿ ಜಟಾಪಟಿ, ಬುಧವಾರ ದೊಡ್ಡ ಜಾಗ, ಉದ್ದನೆಯ ಓಟ, ಗುರುವಾರ ವೇಗ, ಆದರೆ ಕಡಿಮೆ ಸಲ, ಶುಕ್ರವಾರ 45 ನಿಮಿಷ, ಬಹುಪಾಲು ಸೆಟ್ ಪೀಸ್ (ಫ್ರೀ ಕಿಕ್, ಕಾರ್ನರ್‌ನಂಥವು). ಭಾನುವಾರ ಬೆಂಚಿನವರನ್ನು ಮರೆತರೆ ಆರನೇ ವಾರದಲ್ಲಿ ಅವರ ತೊಡೆಯ ಸ್ನಾಯು ಅದನ್ನು ನೆನಪಿಸುತ್ತದೆ.

ಕೋಚಿಂಗ್ ಲೈಸೆನ್ಸ್ ವಿಷಯ. ಯುಯೆಫಾದಲ್ಲಿ (ಯುರೋಪಿನ ಫುಟ್‌ಬಾಲ್ ಒಕ್ಕೂಟದಲ್ಲಿ) ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲುಗಳಿವೆ. ಮೊದಲಿನೆರಡನ್ನು ಆಡುತ್ತಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ. ದಾರಿ ಒಂದೇ ಅಲ್ಲ. ದೆಶಾಂ 2001ರಲ್ಲಿ ಆಟ ಬಿಟ್ಟವರೇ ನೇರ ಮೊನಾಕೊ ತಂಡದ ಮ್ಯಾನೇಜರ್ ಆದರು, 2004ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೆ ಕರೆದೊಯ್ದರು. ಅಲೋನ್ಸೊ 2019ರಿಂದ ಮೂರು ಸೀಸನ್ ರಿಯಲ್ ಸೊಸಿಯೆದಾದ್ ಬಿ ತಂಡ ನೋಡಿಕೊಂಡು, 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲೆವರ್ಕುಸನ್ ತಂಡಕ್ಕೆ ಬಂದರು. 2023–24ರ ಬುಂಡೆಸ್‌ಲಿಗಾವನ್ನು (ಅಲ್ಲಿನ ಅಗ್ರ ಲೀಗನ್ನು) ಒಂದೂ ಸೋಲಿಲ್ಲದೆ ಗೆದ್ದರು. ನನ್ನ ಸಲಹೆ ಎರಡನೇ ದಾರಿಗೇ. ಬಿ ತಂಡದಲ್ಲಿ ತಪ್ಪು ಮಾಡಿದರೆ ಸುಧಾರಿಸಿಕೊಳ್ಳಲು ಮುಂದಿನ ತಿಂಗಳೆಂಬುದು ಇರುತ್ತದೆ.

ಪಂದ್ಯದ ದಿನ ಮಾಜಿ ಮಿಡ್‌ಫೀಲ್ಡರ್‌ನ ದೊಡ್ಡ ಕಾಯಿಲೆ ಮಾತು. ಆಡುವಾಗ 90 ನಿಮಿಷವೂ ಕೂಗಿ ಅಭ್ಯಾಸ. ಟಚ್‌ಲೈನಿನಿಂದ ಕೂಗಿದ್ದು ಹತ್ತಿರದ ಬದಿಯ ಇಬ್ಬರಿಗಷ್ಟೇ ಕೇಳುತ್ತದೆ, ಅದೂ ತಡವಾಗಿ. ಹಾಗಾಗಿ ಮೂರೇ ಸನ್ನೆ ಇಟ್ಟುಕೊಂಡಿದ್ದೇನೆ: ಮೇಲೆ ಏರಿ, ಕೆಳಗೆ ಇಳಿಯಿರಿ, ಬದಿ ಬದಲಿಸಿ. ಹಾಫ್‌ಟೈಮ್‌ನ 15 ನಿಮಿಷದಲ್ಲಿ ಮೊದಲ 4 ನಿಮಿಷ ನೀರು, ಬ್ಯಾಂಡೇಜು, ಮೌನ. ಆ ಹೊತ್ತಿನಲ್ಲಿ ಸಹಾಯಕರ ಜೊತೆ ಹೊರಗೆ ಎರಡು ಮಾತು, ಎರಡು ವಿಡಿಯೊ ತುಣುಕು. ಬಳಿಕ ಆಟಗಾರರಿಗೆ ಎರಡೇ ವಿಷಯ, 5 ನಿಮಿಷದೊಳಗೆ.

ಐದು ಆಟಗಾರರ ಬದಲಾವಣೆಗೆ ಆಟ ನಿಲ್ಲಿಸುವ ಅವಕಾಶ ಮೂರೇ; ಹಾಫ್‌ಟೈಮ್ ಆ ಲೆಕ್ಕಕ್ಕೆ ಬರುವುದಿಲ್ಲ. 75ನೇ ನಿಮಿಷದವರೆಗೂ ಒಂದು ಅವಕಾಶವನ್ನಾದರೂ ಉಳಿಸಿಕೊಳ್ಳಿ, ಇಲ್ಲದಿದ್ದರೆ ಗಾಯವಾದರೆ ಹತ್ತೇ ಜನ. ಹಳದಿ ಕಾರ್ಡ್ ಪಡೆದ ಆರನೇ ನಂಬರಿನವನನ್ನು ಉಳಿಸಿಕೊಳ್ಳುವ ಆಸೆ ನಮ್ಮಂಥವರಿಗೆ ಜಾಸ್ತಿ: ‘ನಾನು ನಿಭಾಯಿಸುತ್ತಿದ್ದೆ, ಇವನೂ ನಿಭಾಯಿಸುತ್ತಾನೆ.’ ಎದುರಾಳಿ ಕೌಂಟರ್‌ನಲ್ಲಿ (ಚೆಂಡು ಕಸಿದ ಕೂಡಲೇ ಮಾಡುವ ಪ್ರತಿದಾಳಿಯಲ್ಲಿ) ಓಡುವ ತಂಡವಾದರೆ ತೆಗೆಯಿರಿ. ಎರಡನೇ ಕಾರ್ಡ್‌ನ ಭಯಕ್ಕೆ ಅಂಗಿ ಎಳೆದು ದಾಳಿ ನಿಲ್ಲಿಸಲಾಗದ ಆರನೇ ನಂಬರು ಅರ್ಧ ಆಟಗಾರ.

ನನಗೆ ಗೊತ್ತಿಲ್ಲದ ಸ್ಥಾನಗಳಿಗೆ ಗೊತ್ತಿರುವವರನ್ನು ಇಟ್ಟುಕೊಂಡಿದ್ದೇನೆ. ಗೋಲಿಗೆ ಬೇರೆ ಕೋಚ್, ಸ್ಟ್ರೈಕರ್‌ಗಳ ಫಿನಿಶಿಂಗ್‌ಗೆ ಬೇರೆಯವರು. ಅಚ್ಚರಿಯೆಂದರೆ ಹೆಚ್ಚು ಕಾವಲು ಬೇಕಾದದ್ದು ನನಗೆ ಚೆನ್ನಾಗಿ ಗೊತ್ತಿರುವ ಸ್ಥಾನಕ್ಕೇ. ನನ್ನ ಹಾಗೆ ಆಡುವವನೇ ನನಗೆ ಒಳ್ಳೆಯವನಾಗಿ ಕಾಣುತ್ತಾನೆ. ನಿಧಾನ ಓಟವನ್ನು ‘ತಾಳ್ಮೆ’ ಎಂದು ಓದಿಬಿಡುತ್ತೇನೆ. ಅದಕ್ಕೇ ತಂಡ ಬರೆಯುವಾಗ ಹತ್ತು ಹೆಸರು ನಾನು ಬರೆದು ಆರನೇ ನಂಬರಿನ ಜಾಗ ಖಾಲಿ ಬಿಡುತ್ತೇನೆ. ಸಹಾಯಕ ಅಲ್ಲಿ ಒಂದು ಹೆಸರು ಬರೆದು, ಕಾರಣ ಹೇಳಿದ ಮೇಲೆಯೇ ನನ್ನ ವಾದ ಶುರು.