ಮೋಹೊದಲ್ಲಿ ತಲೆ ತಿರುಗಿಸುವುದು: ಕಣ್ಣಿನ ಓಟ ಬೇರೆ, ಕಿವಿಯ ಓಟ ಬೇರೆ

ಮೋಹೊ ಎಂಬ 2ಡಿ ಅನಿಮೇಶನ್ ತಂತ್ರಾಂಶದಲ್ಲಿ ಪಾತ್ರ ತಲೆ ತಿರುಗಿಸಿದಾಗ ಮುಖವಾಡ ಜಾರಿದಂತೆ ಕಂಡರೆ ಹೆಚ್ಚಿನ ಸಲ ತಪ್ಪು ಚಿತ್ರದ್ದಲ್ಲ. ಎದುರು ನೋಟ ಚೆನ್ನಾಗಿರುತ್ತದೆ, ಮುಕ್ಕಾಲು ನೋಟವೂ (ಮುಖ ಅರ್ಧ ಪಕ್ಕಕ್ಕೆ ತಿರುಗಿದ್ದು) ಚೆನ್ನಾಗಿರುತ್ತದೆ, ಕೆಟ್ಟಿರುವುದು ನಡುವಿನ ದಾರಿ. ಕಣ್ಣು, ಮೂಗು, ಕಿವಿ ಎಲ್ಲವೂ ಒಂದೇ ಲಯದಲ್ಲಿ ಜರುಗುತ್ತವೆ. ಗುಂಡಗಿನ ತಲೆಯಲ್ಲಿ ಹಾಗೆ ಆಗುವುದಿಲ್ಲ. ಕಿತ್ತಳೆ ಹಣ್ಣಿನ ಮೇಲೆ ಪೆನ್ನಿನಿಂದ ಕಣ್ಣು, ಕಿವಿ ಬರೆದು ನಿಧಾನವಾಗಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ.

ನಾನು ಮಾಡಿದ್ದು ಮಕ್ಕಳ ಪದ್ಯದ ವಿಡಿಯೊಗೆ ಒಂದು ಹುಡುಗಿಯ ಪಾತ್ರ. ನಡು ಬೈತಲೆ, ಹಣೆಗೆ ಬೊಟ್ಟು, ಕಿವಿಗೆ ಜುಮುಕಿ, ಎಡ ಹೊಳ್ಳೆಗೆ ಮೂಗುತಿ. ತಂತ್ರಾಂಶ ಮೋಹೊ ಪ್ರೊ. ಇದರ ಸ್ಮಾರ್ಟ್ ಬೋನ್ ಬಂದದ್ದು 2012ರಲ್ಲಿ, ಆಗ ತಂತ್ರಾಂಶದ ಹೆಸರು ಅನಿಮೆ ಸ್ಟುಡಿಯೊ. ಒಂದು ಬೋನ್ (ಚಿತ್ರವನ್ನು ಆಡಿಸುವ ಕಡ್ಡಿ) ತಿರುಗಿಸಿದರೆ ಅದಕ್ಕೆ ಕಟ್ಟಿಟ್ಟ ಪಾಯಿಂಟ್‌ಗಳೆಲ್ಲ (ಗೆರೆಯ ಆಕಾರ ಹಿಡಿಯುವ ಚುಕ್ಕೆಗಳು) ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ತಲೆ ತಿರುಗಿಸಲು ಬೇಕಾದದ್ದೂ ಅದೇ.

ತಂತ್ರಾಂಶ ತೆರೆಯುವ ಮೊದಲು ಒಂದು ಕಾಗದದಲ್ಲಿ ಲೆಕ್ಕ ಹಾಕಿಕೊಂಡೆ. ಮುಖದ ಅಗಲ 400 ಪಿಕ್ಸೆಲ್, ಅಂದರೆ ತ್ರಿಜ್ಯ 200. ಮುಖದ ನಡುಗೆರೆಯಿಂದ ಒಂದು ಭಾಗ ಎಷ್ಟು ಡಿಗ್ರಿ ಪಕ್ಕಕ್ಕಿದೆಯೋ ಅದಕ್ಕೆ (ತಿರುಗುವ ದಿಕ್ಕಿನ ಎದುರು ಬದಿಯದಾದರೆ ಋಣ) ತಲೆ ತಿರುಗಿದ ಡಿಗ್ರಿ ಕೂಡಿಸಿ, ಅದರ ಸೈನ್ ಬೆಲೆಯನ್ನು 200ರಿಂದ ಗುಣಿಸಿದರೆ ಅದು ಪರದೆಯ ಮೇಲೆ ಎಲ್ಲಿ ಕಾಣುತ್ತದೆ ಎಂದು ಸಿಗುತ್ತದೆ. ಬೊಟ್ಟು 0 ಡಿಗ್ರಿ, ಕಣ್ಣುಗಳು ಆಚೀಚೆ 25, ಕಿವಿಗಳು 90. ತಲೆ 45 ಡಿಗ್ರಿ ತಿರುಗಬೇಕು, ನಡುವಿನ ನಿಲುಗಡೆ 22.5.

ಬೊಟ್ಟು ಒಟ್ಟು 141 ಪಿಕ್ಸೆಲ್ ಜರುಗುತ್ತದೆ: ಮೊದಲರ್ಧದಲ್ಲಿ 77, ಉಳಿದರ್ಧದಲ್ಲಿ 64. ಆಚೆ ಕಣ್ಣು (ತಿರುಗುವ ದಿಕ್ಕಿನ ಬದಿಯದು) ಒಟ್ಟು 103: ಮೊದಲು 63, ಆಮೇಲೆ 40. ಈಚೆ ಕಣ್ಣು 153, ಎರಡೂ ಅರ್ಧದಲ್ಲಿ ಹೆಚ್ಚುಕಡಿಮೆ ಸಮ. ಈಚೆ ಕಿವಿ ಬರೀ 59: ಮೊದಲು 15, ಆಮೇಲೆ 44. ಆಚೆ ಕಣ್ಣು ಬೇಗ ಹೊರಟು ಕೊನೆಯಲ್ಲಿ ನಿಧಾನಿಸುತ್ತದೆ. ಕಿವಿ ತಡವಾಗಿ ಹೊರಟು ಕೊನೆಯಲ್ಲಿ ಓಡುತ್ತದೆ. ಈಚೆ ಕಣ್ಣು ಮಾತ್ರ ಒಂದೇ ಸಮನೆ ಹೋಗುತ್ತದೆ. ಎರಡೇ ಕೀ (ಒಂದು ಫ್ರೇಮಿನಲ್ಲಿ ಗುರುತು ಹಾಕಿಟ್ಟ ಸ್ಥಿತಿ) ಇಟ್ಟು ನಡುವಿನದನ್ನು ತಂತ್ರಾಂಶಕ್ಕೆ ಬಿಟ್ಟರೆ ಈ ಮೂರೂ ಒಂದಾಗಿಬಿಡುತ್ತವೆ. ಮುಖವಾಡ ಅನ್ನಿಸುವುದು ಅದಕ್ಕೇ.

ಮೂಗಿನ ತುದಿ ಗೋಳದಿಂದ ಹೊರಗೆ ಚಾಚಿರುತ್ತದೆ, ಆದ್ದರಿಂದ ಅದಕ್ಕೆ ತ್ರಿಜ್ಯ 230 ಹಿಡಿದೆ. ತುದಿ 163 ಪಿಕ್ಸೆಲ್ ಹೋಗುತ್ತದೆ. ಬೊಟ್ಟಿಗೂ ಮೂಗಿನ ತುದಿಗೂ ನಡುವೆ ಬೀಳುವ ಈ 22 ಪಿಕ್ಸೆಲ್ ಅಂತರದಿಂದಲೇ ಮುಖಕ್ಕೆ ಆಳ ಬರುತ್ತದೆ. ಒಂದು ಕಡೆ ಮಾತ್ರ ಲೆಕ್ಕವನ್ನು ಬೇಕೆಂದೇ ಮುರಿದೆ. ಆಚೆ ಕಣ್ಣಿನ ಅಗಲ ಲೆಕ್ಕದ ಪ್ರಕಾರ 38 ಪ್ರತಿಶತಕ್ಕೆ ಇಳಿಯಬೇಕು. ಕಾರ್ಟೂನ್ ಮುಖದಲ್ಲಿ ಅಷ್ಟು ಸಣ್ಣ ಕಣ್ಣು ಮುಚ್ಚಿದಂತೆ ಕಾಣುತ್ತದೆ. 60ಕ್ಕೆ ನಿಲ್ಲಿಸಿದೆ.

ಚಿತ್ರ ಬರೆಯುವಾಗ ಮುಕ್ಕಾಲು ನೋಟದಿಂದಲೇ ಶುರುಮಾಡುವುದು ಒಳ್ಳೆಯದು. ಎದುರು ಮುಖದ ಅಂಚಿಗೆ ನಾಲ್ಕು ಪಾಯಿಂಟ್ ಸಾಕು. ತಿರುಗಿದಾಗ ಆಚೆ ಬದಿಯಲ್ಲಿ ಹುಬ್ಬಿನ ಕೆಳಗೆ ಒಂದು ತಗ್ಗು, ಕೆನ್ನೆಯ ಉಬ್ಬು, ಗದ್ದದ ತಿರುವು ಬೇಕಾಗುತ್ತವೆ. ಬದಿಗೆ ಮೂರರಂತೆ ಪಾಯಿಂಟ್, ನೆತ್ತಿಗೆ ಒಂದು, ಗದ್ದಕ್ಕೆ ಒಂದು, ಒಟ್ಟು ಎಂಟು. ಆ್ಯಕ್ಷನ್ (ಬೋನ್ ತಿರುಗಿದಾಗ ಪಾಯಿಂಟ್‌ಗಳು ಎಲ್ಲಿಗೆ ಹೋಗಬೇಕೆಂಬ ದಾಖಲೆ) ಮಾಡಿ ಮುಗಿದ ಮೇಲೆ ಹೊಸ ಪಾಯಿಂಟ್ ಸೇರಿಸಿದರೆ ಆ್ಯಕ್ಷನ್‌ನಲ್ಲಿ ಅದಕ್ಕೆ ಕೀ ಇರುವುದಿಲ್ಲ. ತಲೆ ತಿರುಗಿದರೂ ಅದು ಹಳೆಯ ಜಾಗದಲ್ಲೇ ಕೂತು ಗೆರೆಯನ್ನು ಹಿಡಿದೆಳೆಯುತ್ತದೆ.

ಡಯಲ್ ಬೋನ್ ಅನ್ನು (ತಲೆ ತಿರುಗಿಸಲು ಹಿಡಿಕೆಯಂತೆ ಬಳಸುವ ಸ್ಮಾರ್ಟ್ ಬೋನ್) ತಲೆಯ ಪಕ್ಕದಲ್ಲಿ ಹಾಕಿ, ಬೋನ್ ಸ್ಟ್ರೆಂಗ್ತ್ 0 ಮಾಡಬೇಕು. ಇದನ್ನು ಮರೆತರೆ ಡಯಲ್ ತಿರುಗಿಸಿದಾಗ ಪಕ್ಕದ ಕೂದಲೂ ಜೊತೆಗೆ ತಿರುಚಿಕೊಳ್ಳುತ್ತದೆ, ಕಾರಣ ಹುಡುಕುತ್ತಾ ಒಂದು ಮಧ್ಯಾಹ್ನವೇ ಹೋಗಬಹುದು. ಕೋನದ ಮಿತಿ ಆಚೀಚೆ 45 ಡಿಗ್ರಿ. ಡಯಲಿನ ಕೋನವೂ ತಲೆಯ ಕೋನವೂ ಒಂದೇ ಆಗಿದ್ದರೆ ಮುಂದೆ ಗೊಂದಲವಿರುವುದಿಲ್ಲ. ಆ್ಯಕ್ಷನ್‌ನ ಹೆಸರು ಬೋನ್‌ನ ಹೆಸರೇ ಆಗಿರಬೇಕು, ಅಕ್ಷರವೂ ತಪ್ಪಬಾರದು. ಇನ್ನೊಂದು ದಿಕ್ಕಿನ ಆ್ಯಕ್ಷನ್‌ಗೆ ಅದೇ ಹೆಸರು, ಒಂದು ಖಾಲಿ ಜಾಗ, ಆಮೇಲೆ 2.

ಆ್ಯಕ್ಷನ್ ಒಳಗೆ 1ನೇ ಫ್ರೇಮಿನಲ್ಲಿ ಬೋನ್ 0 ಡಿಗ್ರಿ, 49ರಲ್ಲಿ 45. ಎರಡೂ ಲೀನಿಯರ್, ಅಂದರೆ ನಡುವೆ ಒಂದೇ ವೇಗ. ಮೊದಲು 49ರಲ್ಲಿ ಮುಕ್ಕಾಲು ನೋಟ, ಆಮೇಲೆ 25ರಲ್ಲಿ ಲೆಕ್ಕದ ಪ್ರಕಾರ ನಡುನೋಟ. ಆಚೆ ಕಣ್ಣಿಗೂ ಈಚೆ ಕಿವಿಗೂ ಮಾತ್ರ 13 ಮತ್ತು 37ರಲ್ಲಿ ಇನ್ನೆರಡು ಕೀ, ಇಲ್ಲದಿದ್ದರೆ ನಿಧಾನವಾಗಿ ತಿರುಗಿಸುವಾಗ 25ರ ಹತ್ತಿರ ಸಣ್ಣ ಕುಲುಕು ಕಾಣುತ್ತದೆ. ಪಾಯಿಂಟ್‌ಗಳ ಕೀಗಳೂ ಲೀನಿಯರ್ ಆಗಿಯೇ ಇರಲಿ. ಅವನ್ನು ಸ್ಮೂತ್ ಮಾಡಿದರೆ ಆ್ಯಕ್ಷನ್ ಒಳಗೊಂದು ನಿಧಾನ, ಮೇನ್‌ಲೈನ್‌ನಲ್ಲಿ (ದೃಶ್ಯದ ಮುಖ್ಯ ಕಾಲರೇಖೆ) ಇನ್ನೊಂದು ನಿಧಾನ ಸೇರಿ ತಲೆ ಅಂಟಿಕೊಂಡಂತೆ ಹೊರಟು ನಡುವೆ ಜಿಗಿಯುತ್ತದೆ.

ಮುಖದ ಎರಡು ಬದಿ ಒಂದೇ ಥರ ಇದ್ದರೆ ಒಂದು ಆ್ಯಕ್ಷನ್‌ನ ಅಳತೆಗಳನ್ನು ತಿರುವಿ ಇನ್ನೊಂದಕ್ಕೆ ಹಾಕಬಹುದು. ಮೂಗುತಿ ಇರುವ ಮುಖದಲ್ಲಿ ಅದು ನಡೆಯುವುದಿಲ್ಲ. ಮೂಗುತಿಯ ಹೊಳ್ಳೆ ಆಚೆಗೆ ಹೋಗುವ ತಿರುವಿನಲ್ಲಿ ಅದು 30 ಡಿಗ್ರಿ ದಾಟುವಾಗ ಮೂಗಿನ ಹಿಂದೆ ಮರೆಯಾಗಬೇಕು. ಅದನ್ನು ಮೂಗಿನ ಲೇಯರಿನ ಕೆಳಗಿಟ್ಟರೆ ಎದುರು ನೋಟದಲ್ಲೇ ಕಾಣುವುದಿಲ್ಲ. ಲೇಯರ್ ಕ್ರಮ ಬದಲಿಸದೆ, ಆ ದಿಕ್ಕಿನ ಆ್ಯಕ್ಷನ್‌ನಲ್ಲಿ ಮೂಗುತಿಯನ್ನು ತೆಳ್ಳಗೆ ಮಾಡುತ್ತಾ ಮೂಗಿನ ಅಂಚಿನ ಗೆರೆಯೊಳಗೆ ಸೇರಿಸಿದೆ.

ಈಚೆ ಕಿವಿಯ ವಿಷಯ ಬೇರೆ. ಎದುರು ನೋಟದಲ್ಲಿ ಅದರ ಅರ್ಧ ಮುಖದ ಹಿಂದಿರುತ್ತದೆ, ತಿರುಗಿದ ಮೇಲೆ ಮುಖದ ಮೇಲೆ ಬರಬೇಕು. ಆ್ಯಕ್ಷನ್‌ನಲ್ಲಿ ಲೇಯರ್ ಕ್ರಮ ಬದಲಿಸಲು ಆಗುತ್ತದೆ, ಆದರೆ ಬದಲಾಗುವ ಫ್ರೇಮಿನಲ್ಲಿ ಗೆರೆ ಟಕ್ಕನೆ ಹಾರುವುದು ಕಣ್ಣಿಗೆ ಬೀಳುತ್ತದೆ. ಕಿವಿಯನ್ನು ಮೊದಲಿನಿಂದಲೂ ಮುಖದ ಮೇಲಿಟ್ಟು, ಕೆನ್ನೆಗೆ ತಾಗುವ ಬದಿಯ ಗೆರೆಯನ್ನು ಹೈಡ್ ಎಡ್ಜ್ ಉಪಕರಣದಿಂದ ಅಳಿಸುವುದು ಸುಲಭ. ಬಣ್ಣ ಒಂದೇ ಆದ್ದರಿಂದ ಕಿವಿ ಹಿಂದಿದೆಯೋ ಮುಂದಿದೆಯೋ ಯಾರಿಗೂ ತಿಳಿಯುವುದಿಲ್ಲ. ಹಿಂಬದಿಯ ಜಡೆ ಮುಖಕ್ಕೆ ವಿರುದ್ಧ ದಿಕ್ಕಿಗೆ ಜರುಗಬೇಕು, ಬೈತಲೆ ಬೊಟ್ಟಿನ ಜೊತೆಗೇ ಹೋಗಬೇಕು.

ಮೇಲೆ-ಕೆಳಗೆ ನೋಡಲು ಎರಡನೇ ಡಯಲ್ ಹಾಕಿದಾಗ ಹೊಸ ತೊಂದರೆ. ಮೋಹೊ ಎರಡು ಡಯಲ್‌ಗಳ ಜರುಗುವಿಕೆಯನ್ನು ಕೂಡಿಸುತ್ತದೆ. ಪಕ್ಕಕ್ಕೆ ಸರಿ, ಕೆಳಗೆ ಸರಿ, ಎರಡೂ ಒಟ್ಟಾದರೆ ಗದ್ದ ಮೊನಚಾಗಿ ಆಚೆ ಕಣ್ಣು ಮುಖದ ಅಂಚು ದಾಟುತ್ತದೆ. ಲೈವ್2ಡಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಎರಡು ದಿಕ್ಕಿಗೂ ಮೂರು ಮೂರು ನಿಲುಗಡೆ ಕೊಟ್ಟು ಒಂಬತ್ತು ರೂಪಗಳನ್ನು, ಮೂಲೆಗಳೂ ಸೇರಿ, ತಿದ್ದಲು ಆಗುತ್ತದೆ. ಈ ಒಂದು ವಿಷಯದಲ್ಲಿ ಅದೇ ಮೇಲು. ಮೋಹೊದಲ್ಲಿ ಮೂಲೆಗೊಂದು ತಿದ್ದುವ ಡಯಲ್ ಮಾಡಿ ಅಗತ್ಯವಿದ್ದಾಗ ಕೈಯಿಂದ ಕೀ ಹಾಕಿದೆ. ನಾಲ್ಕು ಮೂಲೆಯಲ್ಲಿ ನನಗೆ ಬೇಕಾದದ್ದು ಕೆಳಗಿನ ಎರಡೇ.

ಇನ್ನು ಮೇನ್‌ಲೈನ್. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಮಾಮೂಲಿ ತಿರುವಿಗೆ 10 ಫ್ರೇಮ್ ಕೊಟ್ಟೆ, ಬೆಚ್ಚಿ ತಿರುಗಿದರೆ 6. ಪಾಪೆ ಎರಡು ಫ್ರೇಮ್ ಮೊದಲೇ ಹೊರಡುತ್ತದೆ, 3ರಿಂದ 6ರ ನಡುವೆ ಒಮ್ಮೆ ರೆಪ್ಪೆ ಮುಚ್ಚುತ್ತದೆ, 5ರಲ್ಲಿ ತಲೆಯ ಬೋನ್ 12 ಪಿಕ್ಸೆಲ್ ಕೆಳಗಿಳಿದು ಮತ್ತೆ ಏಳುತ್ತದೆ. ಈ ಇಳಿತವನ್ನು ಡಯಲಿನ ಒಳಗೇ ಇಡುವವರಿದ್ದಾರೆ. ಹಾಗೆ ಮಾಡಿದರೆ ಪಾತ್ರ ಅರ್ಧ ತಿರುಗಿ ನಿಂತು ಮಾತಾಡುವ ದೃಶ್ಯದಲ್ಲಿ ತಲೆ ಸುಮ್ಮನೆ ತಗ್ಗಿರುತ್ತದೆ.

ಜುಮುಕಿಗೆ ಬೋನ್ ಡೈನಮಿಕ್ಸ್ ಹಾಕಿದರೆ ಅದು ತಾನಾಗಿ ತೂಗುತ್ತದೆ ಎಂದುಕೊಂಡರೆ ಆಗದು. ತಿರುಗಿದ್ದು ಪಾಯಿಂಟ್‌ಗಳು, ತಲೆಯ ಬೋನ್ ಅಲ್ಲ. ಆದ್ದರಿಂದ ಜುಮುಕಿಯ ಬೋನ್ ಕಿವಿಯ ಜೊತೆ ಹೋಗುವಂತೆ ಆ್ಯಕ್ಷನ್‌ನಲ್ಲೇ ಕೀ ಕೊಟ್ಟು, ತೂಗಾಟವನ್ನು ಮೇನ್‌ಲೈನ್‌ನಲ್ಲಿ ಕೈಯಿಂದ ಮಾಡಿದೆ: ತಲೆ ಹೊರಟ 2 ಫ್ರೇಮ್ ತಡವಾಗಿ ಹಿಂದಕ್ಕೆ 20 ಡಿಗ್ರಿ, ತಲೆ ನಿಂತ ಮೇಲೆ ಮುಂದಕ್ಕೆ 14, ಹಿಂದಕ್ಕೆ 6, ಆಮೇಲೆ ನೇರ. ಒಂದೊಂದಕ್ಕೂ 4 ಫ್ರೇಮ್.